ನಾಡಿಯ ಲೆಕ್ಕವೂ ಮಗುವಿನ ಆಯುಸ್ಸೂ: ಅಂಕೆಗಳು ಎಷ್ಟು ಹೇಳುತ್ತವೆ?

2025ರ ಆಗಸ್ಟ್ 1ರ ರಾತ್ರಿ ಬೆಂಗಳೂರಿನ ನಮ್ಮ ಮೆಟ್ರೋದ ನೇರಳೆ ಮಾರ್ಗದಲ್ಲಿ ಅಪರೂಪದ ಪ್ರಯಾಣವೊಂದು ನಡೆಯಿತು. ವೈಟ್‌ಫೀಲ್ಡ್‌ನ ಆಸ್ಪತ್ರೆಯಲ್ಲಿ ದಾನವಾಗಿ ದೊರೆತ ಯಕೃತ್ತನ್ನು ಪೆಟ್ಟಿಗೆಯಲ್ಲಿಟ್ಟು, ವೈದ್ಯರು ಮತ್ತು ಸಿಬ್ಬಂದಿ ಮೆಟ್ರೋ ರೈಲಿನಲ್ಲೇ ರಾಜರಾಜೇಶ್ವರಿ ನಗರಕ್ಕೆ ಕೊಂಡೊಯ್ದರು. ಬೆಂಗಳೂರಿನ ಮೆಟ್ರೋದಲ್ಲಿ ಅಂಗಾಂಗ ಸಾಗಾಟವಾದದ್ದು ಅದೇ ಮೊದಲು. ವಿಜಯನಗರ, ಅತ್ತಿಗುಪ್ಪೆ, ದೀಪಾಂಜಲಿ ನಗರ ನಿಲ್ದಾಣಗಳನ್ನು ದಾಟಿ ಆ ರೈಲು ಮುಂದೆ ಸಾಗಿತು. ಪತ್ರಿಕೆಗಳು ಹೊಗಳಿದವು. ಹೊಗಳಬೇಕಾದ ಕೆಲಸವೇ ಅದು.

ಆದರೆ ಅದೇ ಅತ್ತಿಗುಪ್ಪೆ ನಿಲ್ದಾಣದ ಕೆಳಗಿನ ರಸ್ತೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳೋಣ. ಸಂಜೆ ಆರು ಗಂಟೆ. ಶಾಲೆ, ಟ್ಯೂಷನ್ ಮುಗಿಸಿ ಮನೆಗೆ ಮರಳುವ ಮಕ್ಕಳು, ಸ್ಕೂಟರಿನ ಮುಂದೆ ನಿಂತ ಮಗು, ಹಿಂದೆ ಕುಳಿತ ತಾಯಿ, ಎಡೆಬಿಡದ ಬಸ್ಸು, ಆಟೋ, ಟೆಂಪೋ. ಒಂದು ಕ್ಷಣದ ಎಚ್ಚರಗೇಡಿಗೆ ಐದು ವರ್ಷದ ಮಗುವೊಂದು ರಸ್ತೆಗೆ ಎಸೆಯಲ್ಪಟ್ಟಿತು ಎಂದು ಊಹಿಸಿಕೊಳ್ಳಿ. ವಿಕ್ಟೋರಿಯಾ ಆಸ್ಪತ್ರೆಗೆ ಅಲ್ಲಿಂದ ಐದಾರು ಕಿಲೋಮೀಟರ್. ನಿಮ್ಹಾನ್ಸ್‌ಗೂ, ಅದರ ಆಸುಪಾಸಿನಲ್ಲೇ ಇರುವ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೂ ಹತ್ತು ಕಿಲೋಮೀಟರ್ ಆಸುಪಾಸು. ದಾರಿ ದೊಡ್ಡದಲ್ಲ, ಆದರೆ ಆ ಹೊತ್ತಿನಲ್ಲಿ ಬೆಂಗಳೂರಿನ ರಸ್ತೆ ಎಂದರೆ ಏನೆಂಬುದು ಕರಾವಳಿಯಿಂದ ಹೋಗಿ ಅಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆಲ್ಲ ಗೊತ್ತು. ಮಗುವನ್ನು ಎತ್ತಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಓಡುತ್ತಾರೆ. ಅಲ್ಲಿ ಒಬ್ಬರು ನಾಡಿ ನೋಡುತ್ತಾರೆ, ರಕ್ತದೊತ್ತಡ ನೋಡುತ್ತಾರೆ, "ಬಿಪಿ ನಾರ್ಮಲ್ ಇದೆ, ಹೆದರಬೇಡಿ" ಎನ್ನುತ್ತಾರೆ.

ಆ ಒಂದು ಮಾತನ್ನು ಎಷ್ಟು ನಂಬಬಹುದು? ಗಾಯಗೊಂಡ ಮಗುವಿನ ನಾಡಿ, ಉಸಿರು, ರಕ್ತದೊತ್ತಡ, ಪ್ರಜ್ಞೆ ಇವುಗಳನ್ನು ಅಳೆದು ಆ ಮಗು ಬದುಕುತ್ತದೆಯೋ ಇಲ್ಲವೋ ಎಂದು ಮುಂಚಿತವಾಗಿ ಹೇಳಲು ಸಾಧ್ಯವೇ? ವೈದ್ಯಲೋಕ ಐದು ದಶಕಗಳಿಂದ ಈ ಪ್ರಶ್ನೆಯ ಹಿಂದೆ ಬಿದ್ದಿದೆ. ಉತ್ತರ ವೈದ್ಯರಿಗೆ ಮಾತ್ರ ಸೇರಿದ್ದಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ತಂದೆತಾಯಿಯ ಪಕ್ಕದಲ್ಲಿ ನಿಲ್ಲುವ ಗುರುಗಳು, ಧರ್ಮಭಗಿನಿಯರು, ವಾಳೆಯ ಗುರಿಕಾರರು, ಆರೋಗ್ಯ ಆಯೋಗದ ಕಾರ್ಯಕರ್ತರು ಎಲ್ಲರೂ ಇದನ್ನು ಅರಿತಿರುವುದು ಒಳ್ಳೆಯದು. ಆದುದರಿಂದ ಈ ವಾರ ಈ ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇವೆ.

ದೂರದ ವಿಷಯವೇನಲ್ಲ

ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿ 18 ವರ್ಷದೊಳಗಿನವರು. ದಿನಕ್ಕೆ ಇಪ್ಪತ್ತೈದಕ್ಕೆ ಕಡಿಮೆ ಇಲ್ಲ. ಮಾಳಿಗೆಯಿಂದ ಬಿದ್ದವರು, ಮರದಿಂದ ಬಿದ್ದವರು, ಬೆಂಕಿಗೆ ಸಿಕ್ಕವರು ಈ ಲೆಕ್ಕದಲ್ಲಿ ಇಲ್ಲ.

ನಮ್ಮ ಕರಾವಳಿಗೂ ಈ ನೋವು ಹೊಸತಲ್ಲ. 2016ರ ಜೂನ್ 21ರ ಬೆಳಿಗ್ಗೆ ಉಡುಪಿ ಜಿಲ್ಲೆಯ ತ್ರಾಸಿ ಬಳಿ ಶಾಲಾ ಮಕ್ಕಳ ವ್ಯಾನು ಮತ್ತು ಬಸ್ಸು ಡಿಕ್ಕಿಯಾಗಿ 8 ಮಕ್ಕಳು ಪ್ರಾಣ ಕಳೆದುಕೊಂಡ ದಿನವನ್ನು ನಾವು ಯಾರೂ ಮರೆತಿಲ್ಲ. ಆ ಹೊತ್ತಿನಲ್ಲಿ ಊರಿನವರು ಕೈಗೆ ಸಿಕ್ಕ ವಾಹನಗಳಲ್ಲಿ ಮಕ್ಕಳನ್ನು ಸಾಗಿಸಲು ಓಡಿದರು. ಯಾವ ಮಗುವನ್ನು ಮೊದಲು ಒಯ್ಯಬೇಕು, ಯಾವ ಮಗು ಹತ್ತು ನಿಮಿಷ ಕಾಯಬಹುದು ಎಂದು ತಿಳಿಯುವುದು ಇಂಥ ಗಳಿಗೆಯಲ್ಲಿ ಪುಸ್ತಕದ ಪಾಂಡಿತ್ಯವಲ್ಲ, ಅದು ಜೀವದ ಪ್ರಶ್ನೆ. ಜೀವ ಲಕ್ಷಣಗಳ ಲೆಕ್ಕ ಹುಟ್ಟಿಕೊಂಡದ್ದೂ ಈ ಅಗತ್ಯದಿಂದಲೇ.

ಲೆಕ್ಕ ಬೆಳೆದು ಬಂದ ದಾರಿ

1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಎಂಬ ವೈದ್ಯರು ತಲೆಗೆ ಪೆಟ್ಟು ಬಿದ್ದವರ ಪ್ರಜ್ಞೆಯನ್ನು ಅಳೆಯುವ ಸರಳ ಕ್ರಮವೊಂದನ್ನು ಪ್ರಕಟಿಸಿದರು. ಕಣ್ಣು ತೆರೆಯುವುದು, ಮಾತನಾಡುವುದು, ಕೈಕಾಲು ಆಡಿಸುವುದು ಈ ಮೂರಕ್ಕೆ ಅಂಕ. ಇಂದು ಬಳಕೆಯಲ್ಲಿರುವ ರೂಪದಲ್ಲಿ ಅತಿ ಕಡಿಮೆ 3, ಅತಿ ಹೆಚ್ಚು 15. ಇದೇ ಗ್ಲಾಸ್ಗೋ ಕೋಮಾ ಸ್ಕೇಲ್. ಮಾತು ಬಾರದ ಶಿಶುಗಳಿಗಾಗಿ ಇದರಲ್ಲಿ ಬದಲಾವಣೆ ಮಾಡಿಕೊಳ್ಳಲಾಗಿದೆ. ಅಲ್ಲಿ ಮಾತಿನ ಬದಲು ಅಳುವಿನ ರೀತಿಯನ್ನು ನೋಡುತ್ತಾರೆ.

ಮುಂದೆ ಅಮೆರಿಕದಲ್ಲಿ ಪ್ರಜ್ಞೆ, ರಕ್ತದೊತ್ತಡ, ಉಸಿರಾಟದ ವೇಗ ಮೂರನ್ನೂ ಸೇರಿಸಿ ಗಾಯಾಳುಗಳಿಗೆ ಅಂಕ ಕೊಡುವ ಪದ್ಧತಿ ಬಂತು. 1989ರಲ್ಲಿ ಅದರ ಪರಿಷ್ಕೃತ ರೂಪ ಹೊರಬಿತ್ತು. ಆದರೆ ಅದು ಮುಖ್ಯವಾಗಿ ದೊಡ್ಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಲೆಕ್ಕ. ಅದರಲ್ಲಿ ನಿಮಿಷಕ್ಕೆ 10ರಿಂದ 29 ಉಸಿರು ಇದ್ದರೆ ಪೂರ್ಣ ಅಂಕ. ಆದರೆ ಆರೋಗ್ಯವಾಗಿರುವ ಹಸುಗೂಸು ನಿಮಿಷಕ್ಕೆ ಮೂವತ್ತು, ನಲವತ್ತು ಬಾರಿ ಉಸಿರಾಡುತ್ತದೆ! ಅಂದರೆ ಆ ಲೆಕ್ಕದಲ್ಲಿ ತೊಟ್ಟಿಲಲ್ಲಿ ಸುಖವಾಗಿ ಮಲಗಿರುವ ಕೂಸಿಗೂ ಒಂದು ಅಂಕ ಕಡಿತ. ಮಗು ಎಂದರೆ ಗಾತ್ರದಲ್ಲಿ ಸಣ್ಣದಾದ ದೊಡ್ಡವರಲ್ಲ ಎಂದು ಮಕ್ಕಳ ವೈದ್ಯರು ಸದಾ ಹೇಳುವುದು ಇದಕ್ಕೇ.

1987ರಲ್ಲಿ ಜೋಸೆಫ್ ಟೆಪಾಸ್ ಎಂಬ ಶಸ್ತ್ರವೈದ್ಯರು ತಮ್ಮ ಸಂಗಡಿಗರೊಡನೆ ಮಕ್ಕಳಿಗಾಗಿಯೇ ಪ್ರತ್ಯೇಕ ಅಂಕಪಟ್ಟಿ ಸಿದ್ಧಪಡಿಸಿದರು. ಮಗುವಿನ ತೂಕ, ಶ್ವಾಸನಾಳದ ಸ್ಥಿತಿ, ರಕ್ತದೊತ್ತಡ, ಪ್ರಜ್ಞೆ, ತೆರೆದ ಗಾಯ, ಮುರಿದ ಎಲುಬು ಎಂಬ ಆರು ವಿಷಯಗಳು. ಒಟ್ಟು ಅಂಕ ಮೈನಸ್ 6ರಿಂದ 12ರ ತನಕ. 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮಕ್ಕಳ ಗಾಯಗಳಿಗೆ ಚಿಕಿತ್ಸೆ ನೀಡಬಲ್ಲ ದೊಡ್ಡ ಕೇಂದ್ರಕ್ಕೆ ಒಯ್ಯಬೇಕು ಎಂಬ ಸೂಚನೆ. ಗಮನಿಸಿ, ಇಲ್ಲಿ ಅಂಕದ ಉದ್ದೇಶ "ಆಸೆ ಬಿಡಿ" ಎನ್ನುವುದಲ್ಲ, "ಬೇಗ ಸರಿಯಾದ ಜಾಗಕ್ಕೆ ಒಯ್ಯಿರಿ" ಎನ್ನುವುದು.

ಬಿಪಿ ನಾರ್ಮಲ್ ಎಂಬ ಮೋಸ

ಈಗ ಅತ್ತಿಗುಪ್ಪೆಯ ಆ ಮಗುವಿನ ಬಳಿಗೆ ಮರಳೋಣ. ಮಗುವಿನ ಮೈಯಲ್ಲಿ ಒಂದು ಕಿಲೋ ತೂಕಕ್ಕೆ ಸುಮಾರು 80 ಮಿಲಿಲೀಟರ್ ರಕ್ತ ಇರುತ್ತದೆ. 20 ಕಿಲೋ ತೂಕದ ಮಗುವಿನಲ್ಲಿ ಒಟ್ಟು 1,600 ಮಿಲಿಲೀಟರ್. ಅದರಲ್ಲಿ ನೂರಕ್ಕೆ ಮೂವತ್ತು ಪಾಲು ಹೋಯಿತೆಂದರೆ 480 ಮಿಲಿಲೀಟರ್. ಅರ್ಧ ಲೀಟರ್ ನೀರಿನ ಬಾಟ್ಲಿಯಷ್ಟೂ ಅಲ್ಲ! ಅಷ್ಟು ರಕ್ತ ಹೊಟ್ಟೆಯೊಳಗೇ ಸೋರಿಹೋಗಬಹುದು, ಹೊರಗೆ ಒಂದು ಹನಿಯೂ ಕಾಣದೆ.

ಆದರೆ ಅಷ್ಟು ರಕ್ತ ಹೋಗುವ ತನಕವೂ ಮಗುವಿನ ರಕ್ತದೊತ್ತಡ ಬೀಳದೆ ಇರಬಹುದು. ಮಗುವಿನ ಎಳೆಯ ದೇಹ ರಕ್ತನಾಳಗಳನ್ನು ಬಿಗಿಹಿಡಿದು, ಹೃದಯವನ್ನು ವೇಗವಾಗಿ ಓಡಿಸಿ ಒತ್ತಡವನ್ನು ಕಾಪಾಡಿಕೊಳ್ಳುತ್ತದೆ. ಕೈಕಾಲು ತಣ್ಣಗಾಗುತ್ತದೆ, ಚರ್ಮ ಬಿಳಿಚಿಕೊಳ್ಳುತ್ತದೆ, ನಾಡಿ ಓಡುತ್ತದೆ, ಆದರೆ ಯಂತ್ರದಲ್ಲಿ ಬಿಪಿ ಸರಿಯಾಗಿಯೇ ಕಾಣುತ್ತದೆ. ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಒಂದರಿಂದ ಹತ್ತು ವರ್ಷದ ಮಕ್ಕಳಲ್ಲಿ ಮೇಲಿನ ಒತ್ತಡದ ಕೆಳ ಮಿತಿ ಕಂಡುಹಿಡಿಯಲು ವೈದ್ಯರು ಬಳಸುವ ಸೂತ್ರ ಸುಲಭ: ವಯಸ್ಸನ್ನು ಎರಡರಿಂದ ಗುಣಿಸಿ 70 ಸೇರಿಸಿ. ಐದು ವರ್ಷದ ಮಗುವಿಗೆ ಅದು 80. ಅದಕ್ಕಿಂತ ಕೆಳಗಿಳಿದರೆ ಅಪಾಯ ಎಂದಲ್ಲ, ಅಪಾಯ ಆಗಲೇ ಬಹಳ ಮುಂದೆ ಹೋಗಿದೆ ಎಂದರ್ಥ.

ಈ ಮೋಸವನ್ನು ಬೇಗನೆ ಹಿಡಿಯಲು ಬಂದದ್ದೇ ಶಾಕ್ ಇಂಡೆಕ್ಸ್. ನಾಡಿಯ ವೇಗವನ್ನು ಮೇಲಿನ ರಕ್ತದೊತ್ತಡದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ಆಲ್ಗೋವರ್ ಮತ್ತು ಬುರ್ರಿ ಎಂಬ ವೈದ್ಯರು 1967ರಲ್ಲೇ ಇದನ್ನು ದೊಡ್ಡವರಿಗಾಗಿ ಹೇಳಿದ್ದರು. ಮಕ್ಕಳ ನಾಡಿ ಸಹಜವಾಗಿಯೇ ವೇಗ, ಒತ್ತಡ ಸಹಜವಾಗಿಯೇ ಕಡಿಮೆ. ಆದುದರಿಂದ 2015ರಲ್ಲಿ ಅಮೆರಿಕದ ಕೊಲೊರಾಡೊದ ವೈದ್ಯರು ವಯಸ್ಸಿಗೆ ತಕ್ಕ ಮಿತಿಗಳನ್ನು ಗೊತ್ತುಮಾಡಿದರು. 4ರಿಂದ 6 ವರ್ಷದವರಿಗೆ 1.22, 7ರಿಂದ 12ರವರಿಗೆ 1.0, 13ರಿಂದ 16ರವರಿಗೆ 0.9. ಇದಕ್ಕಿಂತ ಹೆಚ್ಚಾದರೆ ಎಚ್ಚರಿಕೆ ಗಂಟೆ.

ನಮ್ಮ ಐದು ವರ್ಷದ ಮಗುವಿನ ನಾಡಿ 150, ಮೇಲಿನ ಒತ್ತಡ 100 ಎಂದಿಟ್ಟುಕೊಳ್ಳಿ. ಒತ್ತಡವನ್ನಷ್ಟೇ ನೋಡಿದರೆ ಎಲ್ಲವೂ ಸರಿ. ಭಾಗಿಸಿ ನೋಡಿದರೆ 1.5, ಮಿತಿಗಿಂತ ಬಹಳ ಮೇಲೆ. ಕಾಗದ, ಪೆನ್ನು ಇದ್ದರೆ ಸಾಕು, ದೊಡ್ಡ ಯಂತ್ರ ಬೇಡ. "ಬಿಪಿ ನಾರ್ಮಲ್" ಎಂದು ಕಳುಹಿಸಿಬಿಡುವ ಮತ್ತು "ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೊರಡಿ" ಎನ್ನುವ ನಡುವಿನ ವ್ಯತ್ಯಾಸ ಈ ಒಂದು ಭಾಗಾಕಾರದಲ್ಲಿದೆ.

ಲೆಕ್ಕ ಎಡವುವ ಜಾಗಗಳು

ಹಾಗೆಂದು ಈ ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ನೋವಿನಿಂದ, ಹೆದರಿಕೆಯಿಂದ ಅಳುವ ಮಗುವಿನ ನಾಡಿಯೂ 150ಕ್ಕೆ ಏರಬಹುದು, ಒಳಗೆ ಒಂದು ಹನಿ ರಕ್ತ ಸೋರದಿದ್ದರೂ. ಆದುದರಿಂದ ಒಮ್ಮೆ ಅಳೆದು ಬಿಡುವುದಲ್ಲ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಅಳೆದು ಬರೆಯುತ್ತಾ ಹೋಗಬೇಕು. ಇಳಿಯುತ್ತಿದೆಯೋ ಏರುತ್ತಿದೆಯೋ ಎಂಬುದೇ ಮುಖ್ಯ.

ಇನ್ನೊಂದು ಜಾಗದಲ್ಲಿ ಈ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ತಲೆಯೊಳಗೆ ರಕ್ತ ತುಂಬಿ ಮೆದುಳು ಒತ್ತಿದಾಗ ರಕ್ತದೊತ್ತಡ ಏರುತ್ತದೆ, ನಾಡಿ ನಿಧಾನವಾಗುತ್ತದೆ. ಭಾಗಿಸಿದರೆ ಬರುವ ಸಂಖ್ಯೆ ಚಿಕ್ಕದು, ನೋಡಲು ಬಹಳ ಚೆನ್ನಾಗಿದೆ! ಆದರೆ ಮಗು ಸಾವಿನ ಬಾಗಿಲಲ್ಲಿರುತ್ತದೆ. ಗಂಭೀರವಾಗಿ ಗಾಯಗೊಂಡು ಸಾಯುವ ಮಕ್ಕಳಲ್ಲಿ ಹೆಚ್ಚಿನವರ ಸಾವಿಗೆ ಕಾರಣ ತಲೆಯ ಪೆಟ್ಟು. ಹಾಗಾಗಿ ಪ್ರಜ್ಞೆಯ ಅಂಕವನ್ನು ಬಿಟ್ಟು ನಾಡಿ, ಒತ್ತಡವನ್ನಷ್ಟೇ ನೋಡುವುದು ಅರ್ಧ ಪುಟ ಓದಿದಂತೆ. ಇದನ್ನು ಅರಿತ ಸಂಶೋಧಕರು ಇತ್ತೀಚೆಗೆ ರಕ್ತದೊತ್ತಡವನ್ನು ನಾಡಿಯಿಂದ ಭಾಗಿಸಿ ಅದನ್ನು ಪ್ರಜ್ಞೆಯ ಅಂಕದಿಂದ ಗುಣಿಸುವ ಹೊಸ ಕ್ರಮವನ್ನು ಪರೀಕ್ಷಿಸುತ್ತಿದ್ದಾರೆ. ಪ್ರಜ್ಞೆ ತಪ್ಪಿದ ಮಗುವಿನ ಸಂಖ್ಯೆ ಆಗ ತಾನಾಗಿ ಕುಸಿಯುತ್ತದೆ.

2011ರಲ್ಲಿ ಬಂದ ಬಿಗ್ ಸ್ಕೋರ್ ಎಂಬುದು ಇನ್ನೂ ಒಂದು ಹೆಜ್ಜೆ ಮುಂದೆ. ಇದರಲ್ಲಿ ರಕ್ತದ ಆಮ್ಲೀಯತೆ, ರಕ್ತ ಹೆಪ್ಪುಗಟ್ಟುವ ಶಕ್ತಿ, ಪ್ರಜ್ಞೆಯ ಅಂಕ ಮೂರನ್ನೂ ಕೂಡಿಸುತ್ತಾರೆ. ಇದು ಹುಟ್ಟಿದ ಕಥೆ ಮನಸ್ಸನ್ನು ಕಲಕುವಂಥದ್ದು. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಗಾಯಗೊಂಡು ಅಮೆರಿಕದ ಸೇನಾ ಆಸ್ಪತ್ರೆಗಳಿಗೆ ಬಂದ ಮಕ್ಕಳ ದಾಖಲೆಗಳಿಂದ ಈ ಲೆಕ್ಕವನ್ನು ಕಟ್ಟಲಾಯಿತು, ಬಳಿಕ ಜರ್ಮನಿಯ ಗಾಯಾಳುಗಳ ದಾಖಲೆಯಲ್ಲಿ ಪರೀಕ್ಷಿಸಲಾಯಿತು. ದೊಡ್ಡವರ ಯುದ್ಧಕ್ಕೆ ಬಲಿಯಾದ ಮಕ್ಕಳು ಲೋಕದ ಇತರ ಮಕ್ಕಳಿಗೆ ಬಿಟ್ಟುಹೋದ ಪಾಠ ಇದು.

ಒಂದು ಲೆಕ್ಕ ಮಾಡಿ ನೋಡೋಣ. ಪ್ರತ್ಯಾಮ್ಲದ ಕೊರತೆ 10, ಹೆಪ್ಪುಗಟ್ಟುವ ಪ್ರಮಾಣ 1.8, ಪ್ರಜ್ಞೆಯ ಅಂಕ 5 ಇರುವ ಮಗು. ಎರಡನೆಯದನ್ನು 2.5ರಿಂದ ಗುಣಿಸಿ, 15ರಿಂದ ಪ್ರಜ್ಞೆಯ ಅಂಕ ಕಳೆದು ಎಲ್ಲವನ್ನೂ ಕೂಡಿಸಿದರೆ 24.5. ಬಹಳ ಕೆಟ್ಟ ಅಂಕ. 16 ದಾಟಿದರೇ ಗಂಡಾಂತರ ಎಂದು ಹಲವರು ಪರಿಗಣಿಸುತ್ತಾರೆ. ಆದರೆ ಇದನ್ನು ರೂಪಿಸಿದವರೇ ಕೊಟ್ಟ ಸೂತ್ರಕ್ಕೆ ಈ ಅಂಕವನ್ನು ಹಾಕಿದರೆ ಸಾವಿನ ಸಂಭವ ಬರುವುದು ನೂರಕ್ಕೆ ಸುಮಾರು 42. ಅಂದರೆ ಇಷ್ಟೇ ಅಂಕ ಬಂದ, ಒಳ್ಳೆಯ ಚಿಕಿತ್ಸೆ ದೊರೆತ ನೂರು ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಬದುಕುತ್ತಾರೆ. ಮುಂದಿರುವ ಈ ಒಂದು ಮಗು ಆ 42ರಲ್ಲಿದೆಯೋ, ಉಳಿದ 58ರಲ್ಲಿದೆಯೋ? ಅದನ್ನು ಯಾವ ಸೂತ್ರವೂ ಹೇಳುವುದಿಲ್ಲ, ಹೇಳಲಾರದು.

ಅಂಕೆ ತೀರ್ಪಾದಾಗ

ಪ್ರಿಯ ಓದುಗರೇ, ನಮ್ಮ ಆತಂಕ ಇರುವುದು ಇಲ್ಲೇ. ಈ ಅಂಕಗಳನ್ನು ರೂಪಿಸಿದ್ದು ಮೂರು ಕೆಲಸಗಳಿಗೆ. ಯಾರಿಗೆ ಮೊದಲು ಚಿಕಿತ್ಸೆ ಎಂದು ಗೊತ್ತುಮಾಡಲು, ಎಲ್ಲಿಗೆ ಒಯ್ಯಬೇಕೆಂದು ತಿಳಿಯಲು, ಒಂದು ಆಸ್ಪತ್ರೆ ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತಿದೆಯೇ ಎಂದು ಹೋಲಿಸಿ ನೋಡಲು. ಒಂಟಿ ಮಗುವಿನ ಹಣೆಬರಹ ಓದಲು ಅಲ್ಲ.

ಆದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ಆಗುವುದೇ ಬೇರೆ. ಮೊದಲ ಕೆಲವು ಗಂಟೆಗಳಲ್ಲೇ "ಚಾನ್ಸ್ ಕಡಿಮೆ" ಎಂಬ ಮಾತು ಹೊರಗೆ ಬರುತ್ತದೆ. ಬಿಲ್ಲು ಏರುತ್ತಿದೆ. ಕಿವಿಯಲ್ಲಿದ್ದ ಚಿನ್ನ ಬ್ಯಾಂಕಿಗೆ ಹೋಗಿದೆ. "ಚಾನ್ಸ್ ಕಡಿಮೆ" ಎಂಬುದು ತಂದೆಯ ಕಿವಿಗೆ "ಚಾನ್ಸ್ ಇಲ್ಲ" ಎಂದು ಬೀಳುತ್ತದೆ. ಮನೆಯವರು ಕಾಗದಕ್ಕೆ ಸಹಿ ಹಾಕಿ ಮಗುವನ್ನು ಒಯ್ಯುತ್ತಾರೆ. ಮಗು ಸಾಯುತ್ತದೆ. ಅಂಕೆ ನಿಜವಾಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಸಾವು ಬಂದದ್ದು ಅಂಕೆಯಿಂದಲೋ, ಚಿಕಿತ್ಸೆ ನಿಂತದ್ದರಿಂದಲೋ? ಭವಿಷ್ಯ ಹೇಳಿದ್ದೇ ಭವಿಷ್ಯವನ್ನು ಉಂಟುಮಾಡಿತು! ಇಂಥ ಸಂದರ್ಭಗಳಲ್ಲಿ ತಂದೆತಾಯಿಯ ಪಕ್ಕದಲ್ಲಿ ನಿಂತು ಏನು ಹೇಳಬೇಕೆಂದು ತಿಳಿಯದೆ ನಾವೂ ಸುಮ್ಮನಾದದ್ದುಂಟು. ಆ ಮೌನಕ್ಕಾಗಿ ಇಂದಿಗೂ ಮನಸ್ಸು ಕುಟುಕುತ್ತದೆ.

ಮೆದುಳಿಗೆ ತೀವ್ರ ಪೆಟ್ಟಾದವರ ವಿಷಯದಲ್ಲಿ ಅವಸರದ ತೀರ್ಮಾನ ಬೇಡ, ಸಾಮಾನ್ಯವಾಗಿ 72 ಗಂಟೆಗಳ ತನಕ ಚಿಕಿತ್ಸೆ ನೀಡಿ ಗಮನಿಸಿ ಎಂದು ಅಮೆರಿಕದ ನ್ಯೂರೋಕ್ರಿಟಿಕಲ್ ಕೇರ್ ಸೊಸೈಟಿ 2015ರಲ್ಲಿ ಸಲಹೆ ನೀಡಿತು. ಈ ಸಲಹೆಯ ಹಿಂದಿರುವುದೂ ಇದೇ ಭಯ.

ಹಾಗಾದರೆ ಕೊನೆಯ ತನಕ ಎಲ್ಲ ಯಂತ್ರಗಳನ್ನೂ ಓಡಿಸುತ್ತಲೇ ಇರಬೇಕೇ? ಧರ್ಮಸಭೆ ಹಾಗೆ ಹೇಳಿಲ್ಲ. ಚಿಕಿತ್ಸೆಯಿಂದ ಪ್ರಯೋಜನವಿಲ್ಲದೆ ಅದು ಬರೀ ಹೊರೆಯಾದಾಗ ಅಸಾಮಾನ್ಯ ಉಪಾಯಗಳನ್ನು ಬಳಸಲೇಬೇಕೆಂಬ ಕಟ್ಟುಪಾಡು ಇಲ್ಲ ಎಂದು ಪೋಪ್ 12ನೇ ಪಿಯುಸ್ 1957ರಲ್ಲೇ ಅರಿವಳಿಕೆ ವೈದ್ಯರಿಗೆ ತಿಳಿಸಿದ್ದರು. ನಮ್ಮ ದೇಶದ ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ನೀಡಿ, 2023ರಲ್ಲಿ ಅದರ ಕ್ರಮಗಳನ್ನು ಸರಳಗೊಳಿಸಿತು. ಕರ್ನಾಟಕ ಸರಕಾರ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಅದರಂತೆ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಲು ವೈದ್ಯರ ಪ್ರಾಥಮಿಕ ಮಂಡಳಿ, ಅದರ ಮೇಲೆ ಎರಡನೇ ಮಂಡಳಿ, ಹತ್ತಿರದವರ ಒಪ್ಪಿಗೆ ಎಲ್ಲವೂ ಬೇಕು. ಇಷ್ಟು ಎಚ್ಚರಿಕೆ ಏಕೆ? ಒಬ್ಬರ ಒಂದು ಮಾತು, ಒಂದು ಅಂಕೆ ಒಂದು ಜೀವವನ್ನು ಮುಗಿಸಬಾರದು ಎಂಬುದಕ್ಕೇ. ಮಂಡಳಿಗಳ ಮುಂದೆ ಇಷ್ಟು ಎಚ್ಚರ ವಹಿಸುವ ನಾವು, ಬಿಲ್ಲಿನ ಮುಂದೆ ಸಹಿ ಹಾಕುವ ಬಡ ತಂದೆಯ ವಿಷಯದಲ್ಲಿ ಯಾವ ಎಚ್ಚರವನ್ನೂ ವಹಿಸುವುದಿಲ್ಲ. ಇದು ನ್ಯಾಯವೇ?

ಇರುವ ನೆರವು ಗೊತ್ತಿರಲಿ

ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ 2008ರ ನವೆಂಬರ್‌ನಲ್ಲಿ ಆರಂಭವಾಯಿತು. 2016ರ ಫೆಬ್ರವರಿಯಲ್ಲಿ ನೆಲಮಂಗಲ ಬಳಿ ಅಪಘಾತಕ್ಕೀಡಾದ ಹರೀಶ್ ಎಂಬ ಯುವಕ, ದೇಹ ಎರಡು ತುಂಡಾಗಿದ್ದರೂ ತನ್ನ ಅಂಗಗಳನ್ನು ದಾನ ಮಾಡಿ ಎಂದು ಬೇಡಿಕೊಂಡು ಪ್ರಾಣಬಿಟ್ಟರು. ಅವರ ಕಣ್ಣುಗಳು ದಾನವಾದವು. ಅವರ ಹೆಸರಿನಲ್ಲೇ ಅದೇ ವರ್ಷ ಸರಕಾರ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಪ್ರಕಟಿಸಿತು. ಅಪಘಾತದ ಮೊದಲ 48 ಗಂಟೆಗಳಿಗೆ 25,000 ರೂಪಾಯಿ ತನಕದ ಉಚಿತ ಚಿಕಿತ್ಸೆ ಅದರ ಉದ್ದೇಶವಾಗಿತ್ತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳ ಕಾಲ ಒಂದೂವರೆ ಲಕ್ಷ ರೂಪಾಯಿ ತನಕದ ನಗದುರಹಿತ ಚಿಕಿತ್ಸಾ ಯೋಜನೆಯನ್ನು ಅಧಿಸೂಚಿಸಿತು. ಇಂಥ ನೆರವನ್ನು ಕೇಳಿ ಪಡೆಯುವುದು ಭಿಕ್ಷೆಯಲ್ಲ, ಹಕ್ಕು. ಆದರೆ ಮಗು ಐಸಿಯುನಲ್ಲಿರುವಾಗ ಕಾಗದಪತ್ರ ಹುಡುಕುವ ಸ್ಥಿತಿಯಲ್ಲಿ ಯಾವ ತಾಯಿ ಇರುತ್ತಾಳೆ? ಈ ಕೆಲಸವನ್ನು ನಮ್ಮ ಧರ್ಮಕೇಂದ್ರಗಳ ಆರೋಗ್ಯ ಆಯೋಗ, ಸಂತ ವಿನ್ಸೆಂಟ್ ಪೌಲರ ಸಭೆ, ಯುವಕರು ವಹಿಸಿಕೊಳ್ಳಬಹುದು.

ಗಾಯಾಳುವನ್ನು ಆಸ್ಪತ್ರೆಗೆ ಒಯ್ದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತು ಎಂಬ ಹೆದರಿಕೆ ಇನ್ನೂ ಹೋಗಿಲ್ಲ. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ನೆರವಿಗೆ ಬರುವವರ ರಕ್ಷಣೆಯ ನಿಯಮಗಳಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಅದೇ ವರ್ಷ ಇದಕ್ಕಾಗಿ ಪ್ರತ್ಯೇಕ ಕಾಯಿದೆ ರೂಪಿಸಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೂ ಈ ರಕ್ಷಣೆ ಸೇರಿತು. ನೆರವಾದವರು ತಮ್ಮ ಹೆಸರು, ವಿಳಾಸ ಕೊಡಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಸುವಾರ್ತೆಯ ಆ ಸಮಾರಿಯನಿಗೆ ಇಂಥ ಕಾಯಿದೆಯ ಆಸರೆ ಇರಲಿಲ್ಲ, ಆದರೂ ಆತ ನಿಂತ.

ನಾವು ಮಾಡಬಹುದಾದದ್ದು

ಮೊದಲನೆಯದು ತಡೆಯುವುದು. ನಾಲ್ಕು ವರ್ಷದೊಳಗಿನ ಮಕ್ಕಳನ್ನು ದ್ವಿಚಕ್ರ ವಾಹನದಲ್ಲಿ ಒಯ್ಯುವಾಗ ಕಟ್ಟುವ ಪಟ್ಟಿ ಬೇಕು, ಒಂಬತ್ತು ತಿಂಗಳು ದಾಟಿದವರಿಗೆ ಹೆಲ್ಮೆಟ್ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮವನ್ನು ಕೇಂದ್ರ ಸರಕಾರ 2022ರಲ್ಲಿ ಪ್ರಕಟಿಸಿದೆ. ಭಾನುವಾರ ಬಲಿಪೂಜೆ ಮುಗಿದ ಬಳಿಕ ನಮ್ಮ ಚರ್ಚುಗಳ ಅಂಗಳದಿಂದ ಹೊರಡುವ ಸ್ಕೂಟರುಗಳನ್ನು ನೋಡಿ. ತಂದೆಗೆ ಹೆಲ್ಮೆಟ್ ಇದೆ, ದಂಡದ ಹೆದರಿಕೆಗೆ. ಮಗುವಿನ ತಲೆ ಬರಿದು. ಸಾವನ್ನು ಮುಂಚಿತವಾಗಿ ಹೇಳಬಲ್ಲ ಲಕ್ಷಣಗಳಲ್ಲಿ ಇದೂ ಒಂದಲ್ಲವೇ?

ಎರಡನೆಯದು ಮೊದಲ ಹತ್ತು ನಿಮಿಷ. 108 ಅಥವಾ 112ಕ್ಕೆ ಕರೆ ಮಾಡಿ. ರಕ್ತ ಸುರಿಯುವಲ್ಲಿ ಶುಚಿಯಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿಹಿಡಿಯಿರಿ. ಕುತ್ತಿಗೆ ಹೊರಳದಂತೆ ನೋಡಿಕೊಳ್ಳಿ. ಮಗುವನ್ನು ಬೆಚ್ಚಗೆ ಹೊದಿಸಿ. ಗಾಯಗೊಂಡ ಮಗು ಬೇಗ ತಣ್ಣಗಾಗುತ್ತದೆ, ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಬಾಯಿಗೆ ನೀರು, ಕಾಫಿ ಹಾಕಬೇಡಿ. ಗಂಟೆ ಎಷ್ಟಕ್ಕೆ ಆಯಿತು, ಪ್ರಜ್ಞೆ ತಪ್ಪಿತೇ, ವಾಂತಿಯಾಯಿತೇ, ಮಗುವಿನ ತೂಕ ಎಷ್ಟು ಎಂಬುದನ್ನು ನೆನಪಿಟ್ಟು ವೈದ್ಯರಿಗೆ ಹೇಳಿ. ಔಷಧಿಯ ಪ್ರಮಾಣ ತೂಕದ ಮೇಲೆ ನಿಂತಿದೆ.

ಮೂರನೆಯದು ಕೇಳುವುದು. "ಬಿಪಿ ಸರಿ ಇದೆ" ಎಂದರೆ, "ನಾಡಿ ಎಷ್ಟಿದೆ? ಮಗುವಿನ ವಯಸ್ಸಿಗೆ ಅದು ಸರಿಯೇ? ಮತ್ತೆ ಯಾವಾಗ ನೋಡುತ್ತೀರಿ?" ಎಂದು ವಿನಯದಿಂದ ಕೇಳಿ. "ಚಾನ್ಸ್ ಕಡಿಮೆ" ಎಂದರೆ, "ಎಷ್ಟು ಕಡಿಮೆ? ಇನ್ನೆಷ್ಟು ಹೊತ್ತು ಕಾದು ನೋಡಬಹುದು?" ಎಂದು ಕೇಳಿ. ಒಳ್ಳೆಯ ವೈದ್ಯರು ಇದಕ್ಕೆ ಕೋಪಿಸುವುದಿಲ್ಲ. ನಮ್ಮ ಸಂಸ್ಥೆಗಳಲ್ಲಿ, ಮಂಗಳೂರಿನ ಫಾದರ್ ಮುಲ್ಲರ್‌ನಿಂದ ಬೆಂಗಳೂರಿನ ಸೇಂಟ್ ಜಾನ್ಸ್‌ವರೆಗೆ, ಕಲಿತು ಹೊರಬಂದ ಸಾವಿರಾರು ದಾದಿಯರು ನಮ್ಮ ಧರ್ಮಕೇಂದ್ರಗಳಲ್ಲೇ ಇದ್ದಾರೆ. ವರ್ಷಕ್ಕೊಮ್ಮೆ ಪ್ರಥಮ ಚಿಕಿತ್ಸೆಯ ಶಿಬಿರ ನಡೆಸಲು ಅವರನ್ನೇ ಕರೆಯಬಹುದಲ್ಲವೇ?

ಇನ್ನೊಂದು ಮಾತು ಆಡಳಿತಕ್ಕೆ. ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಮತ್ತು ಅವರ ತಂಡ 2007ರ ಸುಮಾರಿಗೇ ಬೆಂಗಳೂರಿನ ಆಸ್ಪತ್ರೆಗಳನ್ನೂ ಪೊಲೀಸರನ್ನೂ ಸೇರಿಸಿಕೊಂಡು ಗಾಯಗಳ ಮಾಹಿತಿ ಕಲೆಹಾಕುವ ಕೆಲಸ ಆರಂಭಿಸಿದ್ದರು. ಎಲ್ಲಿ, ಯಾವಾಗ, ಯಾರು ಗಾಯಗೊಳ್ಳುತ್ತಾರೆ ಎಂಬ ಲೆಕ್ಕವಿಲ್ಲದೆ ತಡೆಯುವುದು ಹೇಗೆ? ಕೊಲೊರಾಡೊದ ಮಕ್ಕಳ ಮೇಲೆ ಕಟ್ಟಿದ ಮಿತಿಗಳು ಅತ್ತಿಗುಪ್ಪೆಯ ಮಗುವಿಗೆ, ಬೈಂದೂರಿನ ಮಗುವಿಗೆ ಹಾಗೆಯೇ ಹೊಂದುತ್ತವೆಯೇ ಎಂಬುದನ್ನು ಇಲ್ಲಿನ ದಾಖಲೆಗಳೇ ಹೇಳಬೇಕು. ಅಲ್ಲಿ ಹೆಲಿಕಾಪ್ಟರ್ ಬರುತ್ತದೆ, ಇಲ್ಲಿ ಆಟೋ. ಪ್ರತಿ ತುರ್ತು ಘಟಕದಲ್ಲೂ ಗಾಯಗೊಂಡ ಪ್ರತಿ ಮಗುವಿನ ನಾಡಿ, ಉಸಿರು, ಒತ್ತಡ, ಪ್ರಜ್ಞೆ ನಾಲ್ಕನ್ನೂ ಹೊತ್ತಿನ ಸಮೇತ ಬರೆದಿಡುವುದು ಕಡ್ಡಾಯವಾಗಲಿ. ಅದಕ್ಕೆ ಕೋಟಿಗಟ್ಟಲೆ ಹಣ ಬೇಡ, ಒಂದು ಹಾಳೆ, ಒಬ್ಬ ದಾದಿ, ಮಗುವಿನ ಅಳತೆಯ ಬಿಪಿ ಪಟ್ಟಿ ಸಾಕು.

ದಾನದ ಯಕೃತ್ತು ಅತ್ತಿಗುಪ್ಪೆಯನ್ನು ದಾಟಿ ಹೋಗುವಾಗ ಇಡೀ ವ್ಯವಸ್ಥೆ ದಾರಿ ಬಿಟ್ಟಿತು. ಅದೇ ನಿಲ್ದಾಣದ ಕೆಳಗೆ ಬೀಳುವ ಮಗುವಿಗೂ ಅಷ್ಟೇ ದಾರಿ ಸಿಗಬೇಕು. ನಾಡಿಯ ಲೆಕ್ಕ ನಮಗೆ ಕೊಡುವುದು ಒಂದು ಎಚ್ಚರಿಕೆಯನ್ನು, ಸ್ವಲ್ಪ ಸಮಯವನ್ನು. ಆ ಸಮಯದಲ್ಲಿ ಓಡಬೇಕಾದವರು ನಾವು.

ಈ ವಾರ ನಿಮ್ಮ ಮನೆಯ ಮಗುವಿನ ತೂಕ ಎಷ್ಟೆಂದು ನೋಡಿ ಬರೆದಿಡಿ. ಹತ್ತಿರದಲ್ಲಿ ಮಕ್ಕಳ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆ ಯಾವುದೆಂದು ವಿಚಾರಿಸಿ. ಒಂದು ಸಣ್ಣ ಹೆಲ್ಮೆಟ್ ತನ್ನಿ. ಅಷ್ಟಾದರೂ ಆದರೆ ಈ ಬರಹ ಸಾರ್ಥಕ.